ಕಾಡಿಲ್ಲದ ಸೀಮೆಯಿಂದ ಕಾಡಿಗೆ ಹೋಗುವ ಮಕ್ಕಳು

ಸೋದರಿಯರೇ, ಸಿಂಧನೂರಿನ ಭತ್ತದ ಗದ್ದೆ, ಮಸ್ಕಿಯ ಬಂಡೆಗುಡ್ಡ, ಲಿಂಗಸುಗೂರಿನ ಎರೆಹೊಲ ಕಂಡವರಿಗೆ ಗೊತ್ತು, ನಮ್ಮ ಸೀಮೆಯಲ್ಲಿ ಹೇಳಿಕೊಳ್ಳುವಂಥ ದಟ್ಟ ಕಾಡಿಲ್ಲ. ಆದರೂ ಪೊಲೀಸ್ ಭರ್ತಿಗೆಂದು ಬೆಳಗಿನ ಜಾವ ಓಡುವ ಹುಡುಗರು ಊರೂರಲ್ಲೂ ಇದ್ದಾರೆ. ಅವರಲ್ಲೊಬ್ಬ ಬಂದು "ಅವ್ವಾ, ನಾ ಕಾಡಿನ ಕಮಾಂಡೋ ಆಗ್ತೀನಿ" ಅಂದರೆ? ಬೇಡವೆಂದು ಅಳುವ ಮೊದಲು, ಭೇಷ್ ಎಂದು ಬೆನ್ನು ತಟ್ಟುವ ಮೊದಲು, ಆ ಕೆಲಸ ಎಂಥದೆಂದು ತಿಳಿದಿರೋಣ.

ನಮ್ಮ ಜಿಲ್ಲೆಗೆ ಹೊಂದಿಕೊಂಡಿರುವ ಆಗಿನ ಆಂಧ್ರಪ್ರದೇಶದಲ್ಲಿ 1989ರಲ್ಲಿ ಕೆ. ಎಸ್. ವ್ಯಾಸ್ ಎಂಬ ಅಧಿಕಾರಿ 'ಗ್ರೇಹೌಂಡ್ಸ್' ಪಡೆಯನ್ನು ಕಟ್ಟಿದರು. ಬೇಟೆನಾಯಿಯ ಹೆಸರು! ನಕ್ಸಲರು ಕಾಡಿನಲ್ಲಿ ಹೇಗೆ ಇರುತ್ತಾರೋ ಪೊಲೀಸರೂ ಹಾಗೇ ಇರಬೇಕೆಂಬುದು ಅವರ ವಿಚಾರ. ಅಂದರೆ ಜೀಪು ಬಿಟ್ಟು ಕಾಲ್ನಡಿಗೆ, ಚಿಕ್ಕ ತಂಡ, ರಾತ್ರಿ ಸಂಚಾರ. ಒಲೆ ಹೊತ್ತಿಸಿದರೆ ಹೊಗೆ ಕಾಣುತ್ತದೆ, ಆದ್ದರಿಂದ ಬೆನ್ನಿನ ಚೀಲದ ಒಣ ತಿನಿಸೇ ಊಟ. ದಿನಗಟ್ಟಲೆ ಮಾತಿಲ್ಲ, ಬರೀ ಸನ್ನೆ. ನಮ್ಮ ಗಂಡಸರಿಗೆ ಅರ್ಧ ತಾಸು ಸುಮ್ಮನೆ ಕೂಡು ಅಂದರೆ ಆಗುವುದಿಲ್ಲ, ಇರಲಿ.

ಇಷ್ಟು ತಯಾರಾದವರಿಗೂ ಸಾವು ತಪ್ಪಲಿಲ್ಲ. ವ್ಯಾಸ್ ಅವರನ್ನು 1993ರಲ್ಲಿ ಹೈದರಾಬಾದಿನಲ್ಲೇ ನಕ್ಸಲರು ಕೊಂದರು. 2008ರ ಜೂನ್‌ನಲ್ಲಿ ಒಡಿಶಾದ ಬಲಿಮೇಲಾ ಜಲಾಶಯದಲ್ಲಿ ದೋಣಿಯ ಮೇಲೆ ಗುಡ್ಡದಿಂದ ಗುಂಡು ಸುರಿಯಿತು. 38 ಮಂದಿ ಹೋದರು, ಹೆಚ್ಚಿನವರು ಗ್ರೇಹೌಂಡ್ಸ್‌ನವರೇ.

ನಮ್ಮ ರಾಜ್ಯದ ಕಥೆಯೂ ಇದೆ. 2005ರ ಫೆಬ್ರುವರಿ 6ರಂದು ಚಿಕ್ಕಮಗಳೂರಿನ ಕಾಡಿನಲ್ಲಿ ನಕ್ಸಲ್ ನಾಯಕ ಸಾಕೇತ್ ರಾಜನ್ ಪೊಲೀಸರ ಗುಂಡಿಗೆ ಬಲಿಯಾದ. ನಾಲ್ಕೇ ದಿನಕ್ಕೆ ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯ ಶಾಲೆಯಲ್ಲಿ ತಂಗಿದ್ದ ಮೀಸಲು ಪಡೆಯ ಪೊಲೀಸರ ಮೇಲೆ ರಾತ್ರಿ ದಾಳಿಯಾಯಿತು. ಗೊತ್ತಿರುವ ಜಾಗದಲ್ಲಿ ಬೀಡು ಬಿಟ್ಟು ಮಲಗಿದವರಿಗೆ ಎಂಥ ಗತಿಯೆಂದು ಅಂದು ಗೊತ್ತಾಯಿತು. ಕಾರ್ಕಳದಲ್ಲಿ ನೆಲೆ ಮಾಡಿಕೊಂಡು ಮಲೆನಾಡು ಸುತ್ತಿದ ನಕ್ಸಲ್ ನಿಗ್ರಹ ಪಡೆ ಆ ಕಾಲದ್ದು. ಇಂಬಳ ಹತ್ತುವ, ತಿಂಗಳುಗಟ್ಟಲೆ ಮಳೆ ಸುರಿಯುವ ಕಾಡು ಅದು. ಬಯಲುಸೀಮೆಯ ಹುಡುಗನಿಗೆ ಹೊಸ ಲೋಕವೇ.

ಮುಗಿದದ್ದು ಹೇಗೆ? 2024ರ ನವೆಂಬರ್‌ನಲ್ಲಿ ಹೆಬ್ರಿ ತಾಲ್ಲೂಕಿನ ಕಬ್ಬಿನಾಲೆ ಬಳಿ ವಿಕ್ರಂ ಗೌಡ ಸತ್ತ. 2025ರ ಜನವರಿ 8ರಂದು ಆರು ಜನ ಬೆಂಗಳೂರಿಗೆ ಬಂದು ಮುಖ್ಯಮಂತ್ರಿಗಳ ಮುಂದೆ ಶರಣಾದರು. ಆರರಲ್ಲಿ ನಾಲ್ವರು ಹೆಂಗಸರು! ಇನ್ನೊಬ್ಬ ನಮ್ಮ ರಾಯಚೂರು ಜಿಲ್ಲೆಯವನೇ, ಮಾನ್ವಿ ತಾಲ್ಲೂಕಿನ ಅರೋಲಿಯ ಮಾರೆಪ್ಪ. ನನಗೆ ಮನಸ್ಸು ನಿಂತದ್ದು ಅಲ್ಲೇ. ಒಂದೇ ಜಿಲ್ಲೆಯ ಒಬ್ಬ ತಾಯಿಯ ಮಗ ಪೊಲೀಸ್ ಬಂದೂಕು ಹಿಡಿಯಬಹುದು, ಇನ್ನೊಬ್ಬಳ ಮಗ ಅದರ ಎದುರಿನ ಬಂದೂಕು. ಇಬ್ಬರ ಮನೆಯಲ್ಲೂ ಜೋಳದ ರೊಟ್ಟಿಯೇ.

ಆಮೇಲೆ ಆ ಪಡೆಯವರಲ್ಲಿ ಅನೇಕರನ್ನು ಕರಾವಳಿ ಮತ್ತು ಶಿವಮೊಗ್ಗದ ಕೋಮು ಗಲಭೆ ತಡೆಯಲು ಹೊಸದಾಗಿ ಕಟ್ಟಿದ ವಿಶೇಷ ಕಾರ್ಯಪಡೆಗೆ ಹಾಕಿದರು. ಕಾಡು ಬಿಟ್ಟು ಪೇಟೆ, ಅದು ಬೇರೆಯೇ ಕಷ್ಟ.

ಇನ್ನು ಮನೆಯ ಮಾತು. ಇಂಥ ಕೆಲಸದಲ್ಲಿರುವ ಮಗನೋ ಗಂಡನೋ ಎಲ್ಲಿದ್ದಾನೆಂದು ನೆರೆಹೊರೆಯವರಿಗೆ ಹೇಳಬೇಡಿ, ಫೋನಿನಲ್ಲಿ ಅವನ ಫೋಟೋ ಹಂಚಬೇಡಿ. ಫೋನು ನಾಲ್ಕು ದಿನ ಬರದಿದ್ದರೆ ಕೆಟ್ಟದ್ದೇ ಆಗಿದೆಯೆಂದು ಎಣಿಸಬೇಡಿ, ಕಾಡಿನಲ್ಲಿ ಸಿಗ್ನಲ್ ಇರುವುದಿಲ್ಲ. ರಜೆಯಿಂದ ಹೊರಟಾಗ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಡಿ. ಆದರೆ ಮಲೆನಾಡಿನ ಥಂಡಿಗೆ ರೊಟ್ಟಿ ಮೆತ್ತಗಾಗುತ್ತದೆ, ಬಟ್ಟೆಯ ಗಂಟು ಬೇಡ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯೇ ಬೇಕು. ಮತ್ತೊಂದು, ಸಂಕೋಚಪಡದೆ ಕೇಳಿ: ಸರ್ಕಾರಿ ವಿಮೆಯಲ್ಲಿ, ಸೇವಾ ಪುಸ್ತಕದಲ್ಲಿ ಯಾರ ಹೆಸರಿದೆ? ಮದುವೆಗೆ ಮುಂಚೆ ತಾಯಿಯ ಹೆಸರು ಬರೆಸಿದವರು ಆಮೇಲೆ ಬದಲಿಸುವುದನ್ನು ಮರೆತಿರುತ್ತಾರೆ. ಅತ್ತೆ, ಸೊಸೆ ಇಬ್ಬರೂ ಕೂತು ಈಗಲೇ ಕೇಳಿದರೆ ಜಗಳವಿಲ್ಲ. ಮುಂದಿನ ರಜೆಗೆ ಬಂದಾಗ ಆ ಕಾಗದದ ಒಂದು ಪ್ರತಿ ಮನೆಯ ಪೆಟ್ಟಿಗೆಯಲ್ಲಿಡಿಸಿ.