ಹಳಿಯಾಳದ ‘ಇಂಗ್ಲಿಷ್ ಮುತ್ತಜ್ಜ’: ನಂಬಿಕೆ ಎಷ್ಟು, ದಾಖಲೆ ಎಷ್ಟು?

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಸುತ್ತಿನ ಕಾಡಿನಲ್ಲಿ ಹೆಂಚಿನ ಹಳೇ ಬಂಗಲೆ ಕಂಡರೆ ಸಾಕು, ಅದರ ಹಿಂದೊಂದು ಕತೆ ಹುಟ್ಟುತ್ತದೆ: ಇಲ್ಲೊಬ್ಬ ಇಂಗ್ಲಿಷ್ ಸಾಹೇಬ ಜಮೀನು ಮಾಡಿಕೊಂಡು ಸಂಸಾರ ಸಮೇತ ನೆಲೆಸಿದ್ದ ಎಂದು. ಅಂಥ ಮುತ್ತಜ್ಜನ ಬೇರು ಹುಡುಕುವವರು ನೇರ ಭೂದಾಖಲೆಗೆ ಕೈಹಾಕುತ್ತಾರೆ. ಬಹುಪಾಲು ಬರಿಗೈಯಲ್ಲಿ ಮರಳುತ್ತಾರೆ.

ನೆಲೆಸಿದವರು ಎಂಬ ಮಾತೇ ಇಲ್ಲಿಗೆ ಸರಿಯಾಗಿ ಹೊಂದುವುದಿಲ್ಲ. 1833ರ ಚಾರ್ಟರ್ ಕಾಯ್ದೆ ಬರುವವರೆಗೆ ಈಸ್ಟ್ ಇಂಡಿಯಾ ಕಂಪನಿಯ ನೌಕರನಲ್ಲದ ಯುರೋಪಿಯನ್ನನಿಗೆ ಒಳನಾಡಿನಲ್ಲಿ ವಾಸಿಸಲು ಪರವಾನಗಿ ಬೇಕಿತ್ತು. ಕಟ್ಟು ಸಡಿಲವಾದ ಮೇಲೂ ತೋಟ ಮಾಡುವ ಆಸೆಯವರು ಹೋದದ್ದು ಕೊಡಗು, ಚಿಕ್ಕಮಗಳೂರು, ನೀಲಗಿರಿಗಳ ಕಡೆ. ಇಲ್ಲಿನ ಕಾಳಿ ನದಿಯ ಕೊಳ್ಳದ ಸಾಗುವಾನಿ ಸರ್ಕಾರದ ಸ್ವತ್ತು. ಇಲ್ಲಿಗೆ ಬಂದವರು ಕಲೆಕ್ಟರು, ಸೈನ್ಯದವರು, ಅರಣ್ಯಾಧಿಕಾರಿಗಳು. ವರ್ಗವಾದೊಡನೆ ಗಂಟುಮೂಟೆ ಕಟ್ಟಿದರು. ಆದ್ದರಿಂದ ಮೊದಲು ನೋಡಬೇಕಾದದ್ದು ನೌಕರಿಯ ಕಾಗದಪತ್ರ, ಜಮೀನಿನದಲ್ಲ.

ಇನ್ನು ‘ಇಂಗ್ಲಿಷ್’ ಎಂಬುದು. ಉತ್ತರ ಕನ್ನಡದ ಕರಾವಳಿಗೆ ಇಂಗ್ಲಿಷ್ ವ್ಯಾಪಾರಿಗಳು ಟಿಪ್ಪು ಸತ್ತ ನಂತರ ಬಂದವರಲ್ಲ. ಕಾರವಾರದಲ್ಲಿ ಕೋರ್ಟೀನ್ ಎಂಬ ಇಂಗ್ಲಿಷ್ ವ್ಯಾಪಾರಿ ಕೂಟದ ಕೋಠಿ 1638ರಲ್ಲೇ ಇತ್ತು. ಆದರೆ 1799ರ ಬಳಿಕ ಈ ಸೀಮೆಯ ಹಣೆಬರಹ ಬರೆದವರನ್ನು ಒಬ್ಬೊಬ್ಬರಾಗಿ ನೋಡಿ. ಕೆನರಾದ (ಆಗ ಒಂದೇ ಆಗಿದ್ದ ಉತ್ತರ, ದಕ್ಷಿಣ ಕನ್ನಡದ) ಮೊದಲ ಕಲೆಕ್ಟರ್ ಥಾಮಸ್ ಮನ್ರೋ ಗ್ಲಾಸ್ಗೋದವನು. 1800ರಲ್ಲಿ ಬಂಡುಕೋರ ಧೋಂಡಿಯಾ ವಾಘನ ಬೆನ್ನಟ್ಟಿದ ಆರ್ಥರ್ ವೆಲ್ಲೆಸ್ಲಿ, ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಆದವನು, ಐರ್ಲೆಂಡಿನಲ್ಲಿ ಹುಟ್ಟಿದವನು. ಅವನ ಪತ್ರಗಳಲ್ಲಿ ಹಳಿಯಾಳ ಗಡಿಠಾಣೆಯಾಗಿ ಬರುತ್ತದೆ. ಮೈಸೂರು, ಕೆನರಾ, ಮಲಬಾರುಗಳನ್ನು 1800–01ರಲ್ಲಿ ಸುತ್ತಿದ ಫ್ರಾನ್ಸಿಸ್ ಬುಕನನ್ ಸ್ಕಾಟ್‌ಲೆಂಡಿನವನು. ಉತ್ತರ ಕೆನರಾದ ಕಾಡುಗಳ ಬಗ್ಗೆ ವರದಿ ಬರೆದ, 1856ರಲ್ಲಿ ಮದ್ರಾಸ್ ಪ್ರಾಂತ್ಯದ ಅರಣ್ಯ ಸಂರಕ್ಷಕನಾದ ಹ್ಯೂ ಕ್ಲೆಗಾರ್ನ್ ಸ್ಕಾಟ್ ಮನೆತನದವನು. ಹುಟ್ಟಿದ್ದು ಮಾತ್ರ ಮದ್ರಾಸಿನಲ್ಲಿ, 1820ರಲ್ಲಿ. ನಾಲ್ವರಲ್ಲಿ ಒಬ್ಬನೂ ಇಂಗ್ಲೆಂಡಿನಲ್ಲಿ ಹುಟ್ಟಿದವನಲ್ಲ! ಇವರ ಬೇರನ್ನು ಇಂಗ್ಲೆಂಡಿನ ಚರ್ಚು ದಫ್ತರಗಳಲ್ಲಿ ಹುಡುಕುವವನಿಗೆ ಸಿಗುವುದೇನು?

ಮನೆತನದ ಹೆಸರು ಬದಲಾಗದು ಎಂಬ ನಂಬಿಕೆಯೂ ಇವರ ಮುಂದೆ ನಿಲ್ಲುವುದಿಲ್ಲ. ಆರ್ಥರ್ ವೆಲ್ಲೆಸ್ಲಿ 1798ರವರೆಗೆ ತನ್ನ ಹೆಸರನ್ನು ‘ವೆಸ್ಲಿ’ ಎಂದೇ ಬರೆಯುತ್ತಿದ್ದ. ಬುಕನನ್ ತಾಯಿಯ ಕಡೆಯ ಆಸ್ತಿ ಸಿಕ್ಕ ಮೇಲೆ ‘ಹ್ಯಾಮಿಲ್ಟನ್’ ಆದ.

ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ಎಡವಟ್ಟು ಗಡಿಯದು. ಉತ್ತರ ಕನ್ನಡ ಮೊದಲಿನಿಂದಲೂ ಮುಂಬಯಿ ಪ್ರಾಂತ್ಯದ್ದು ಎಂದು ನಮ್ಮ ಹಿರಿಯರೂ ಹೇಳುತ್ತಾರೆ. ಹಾಗಲ್ಲ. ಕೆನರಾ ಮದ್ರಾಸಿನ ಕೈಕೆಳಗಿತ್ತು. 1859ರಲ್ಲಿ ಉತ್ತರ, ದಕ್ಷಿಣ ಎಂದು ಎರಡಾಯಿತು. ಉತ್ತರ ಭಾಗ 1862ರಲ್ಲಿ ಮುಂಬಯಿಗೆ ಹೋಯಿತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಹೀಗಾಗಿ ಒಂದೇ ಊರಿನ ಕಾಗದ ಚೆನ್ನೈ, ಮುಂಬಯಿ, ಬೆಂಗಳೂರುಗಳ ಪತ್ರಾಗಾರಗಳಲ್ಲಿ ಚದುರಿದೆ. ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ದೀಕ್ಷಾಸ್ನಾನ, ಮದುವೆ, ಸಮಾಧಿಗಳ ಪ್ರತಿಗಳೂ ಪ್ರಾಂತ್ಯದ ಲೆಕ್ಕದಲ್ಲೇ ಜೋಡಿಸಿದವು: ಬಂಗಾಳಕ್ಕೆ ಎನ್/1, ಮದ್ರಾಸಿಗೆ ಎನ್/2, ಮುಂಬಯಿಗೆ ಎನ್/3. 1850ರ ಹಳಿಯಾಳದ ಮಗುವನ್ನು ಎನ್/3ರಲ್ಲಷ್ಟೇ ಹುಡುಕಿ ‘ಇಲ್ಲ’ ಎಂದು ಕೈಚೆಲ್ಲಿದರೆ ತಪ್ಪು ದಫ್ತರದ್ದಲ್ಲ. ಹಾಗಂತ ಎನ್/3 ಮುಚ್ಚಿಡುವಂತೆಯೂ ಇಲ್ಲ: ಮಗ್ಗುಲಿನ ಧಾರವಾಡ 1818ರಿಂದಲೇ ಮುಂಬಯಿಯದು, ದೀಕ್ಷಾಸ್ನಾನ ಅಲ್ಲಿ ನಡೆದಿದ್ದರೆ ದಾಖಲೆ ಎನ್/3ರಲ್ಲಿರುತ್ತದೆ.

ತಾಲ್ಲೂಕುಗಳೂ ಹೀಗೇ ಕೈಕೊಡುತ್ತವೆ. ಹಳೇ ಕಡತದಲ್ಲಿ ಜೋಯಿಡಾ ತಾಲ್ಲೂಕು ಇಲ್ಲ, ಸೂಪಾ ಇದೆ. ಆ ಸೂಪಾ ಪೇಟೆ ಈಗ ಕಾಳಿಯ ಅಣೆಕಟ್ಟಿನ ನೀರಿನಡಿ. ಮುಂಡಗೋಡ ಯಲ್ಲಾಪುರಕ್ಕೆ ಸೇರಿದ ಉಪವಿಭಾಗವಾಗಿತ್ತು. ದಾಂಡೇಲಿ ಈಚಿನವರೆಗೂ ಹಳಿಯಾಳ ತಾಲ್ಲೂಕಿನೊಳಗೇ ಇತ್ತು. ದಾಂಡೇಲಿ ಪಟ್ಟಣವನ್ನು ಬ್ರಿಟಿಷರು ಕಟ್ಟಿದರು ಎಂಬುದೂ ಅರೆಸತ್ಯ. ಅವರ ಕಾಲದ್ದು ಮರ ಸಾಗಿಸಿದ ಅಳ್ನಾವರದ ರೈಲುಹಳಿ. ಊರನ್ನು ಊರಾಗಿಸಿದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಸ್ಥಾಪನೆಯಾದದ್ದು ಸ್ವಾತಂತ್ರ್ಯದ ನಂತರ, 1955ರಲ್ಲಿ.

ವಿದೇಶಿ ಅಡ್ಡಹೆಸರಿದ್ದರೆ ವಿದೇಶಿ ರಕ್ತ ಎನ್ನುವವರೂ ಇದ್ದಾರೆ. ಫರ್ನಾಂಡಿಸ್, ಡಿಸೋಜಗಳಂಥ ಹೆಸರುಗಳು ಗೋವೆಯಲ್ಲಿ ದೀಕ್ಷಾಸ್ನಾನದೊಂದಿಗೆ ಬಂದವು, ಪಾದ್ರಿಯದೋ ಸಾಕ್ಷಿ ನಿಂತವನದೋ ಕೊಡುಗೆಯಾಗಿ. ಹಳಿಯಾಳ ಸೀಮೆಯ ಕ್ರೈಸ್ತ ಸಿದ್ದಿಗಳಲ್ಲೂ ಪೋರ್ಚುಗೀಸ್ ಹೆಸರುಗಳಿವೆ; ಅವರ ಪೂರ್ವಿಕರು ಆಫ್ರಿಕಾದವರು, ಗುಲಾಮರಾಗಿ ಹಡಗೇರಿ ಬಂದವರು. ಬಂದು ನಿಜವಾಗಿ ನೆಲೆಸಿದವರು ಅವರೇ, ವಂಶಾವಳಿಯ ಕಾಗದ ಇಲ್ಲದವರೂ ಅವರೇ.

ಸಾಹೇಬರ ಕಡೆ ಕಾಗದ ಉಂಟು, ಆದರೆ ಅದರಲ್ಲೂ ತೂತುಗಳಿವೆ. ಚರ್ಚಿನ ಪುಸ್ತಕದ್ದು ದೀಕ್ಷಾಸ್ನಾನದ ತಾರೀಖು. ಅದನ್ನೇ ಹುಟ್ಟಿದ ದಿನ ಎಂದುಕೊಂಡರೆ ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ತಪ್ಪುತ್ತವೆ. ತಾಯಿ ಇಲ್ಲಿನವಳಾಗಿದ್ದರೆ ಆಕೆಯ ಹೆಸರಿನ ಜಾಗ ಎಷ್ಟೋ ಸಲ ಖಾಲಿ. ಇಂಥಲ್ಲಿ ನೆರವಿಗೆ ಬರುವುದು ಉಯಿಲು. ಬದುಕಿದ್ದಾಗ ಮುಚ್ಚಿಟ್ಟ ಸಂಸಾರವನ್ನು ಹಣ ಹಂಚುವಾಗ ಬರೆದು ತೋರಿಸಿದವರು ಕಂಪನಿ ನೌಕರರಲ್ಲಿ ಕಡಿಮೆಯಿಲ್ಲ. ಆ ಉಯಿಲುಗಳ ಪ್ರತಿಗಳೂ ಬ್ರಿಟಿಷ್ ಲೈಬ್ರರಿಯಲ್ಲೇ ಇವೆ, ಅವೂ ಪ್ರಾಂತ್ಯವಾರು. ದಫ್ತರ ತೆರೆಯುವ ಮೊದಲು ವರ್ಷ 1862ಕ್ಕಿಂತ ಹಿಂದಿನದೋ ಮುಂದಿನದೋ ನೋಡಿಕೊಳ್ಳಿ.