ದಮ್ಮಿನ ಲೆಕ್ಕ ಕಲಿಸಿದ ಗಡಿಯಾರ

ನಮ್ಮೂರು ಪಾಮನಕಲ್ಲೂರು. ರಾಯಚೂರು ಜಿಲ್ಲೆ, ಮಸ್ಕಿ ತಾಲ್ಲೂಕು. ನಮ್ಮ ಕಡೆ ಈಜೋದಕ್ಕೆ ‘ಈಸೋದು’ ಅಂತಾರೆ. ಬೆನ್ನಿಗೆ ಖಾಲಿ ಡಬ್ಬಿ ಕಟ್ಟಿಕೊಂಡು ಹೊಲದ ಬಾವಿಯಲ್ಲಿ ಈಸು ಕಲಿತವನು ನಾನು. ಕಲಿಸಿದ್ದು ದೊಡ್ಡಪ್ಪನ ಮಗ, ನಮ್ಮಣ್ಣ.

ಹನ್ನೊಂದನೇ ವಯಸ್ಸಿನಲ್ಲಿ ಒಮ್ಮೆ ಗೆಳೆಯರ ಜೊತೆ ಪಂದ್ಯ ಕಟ್ಟಿದೆ: ಬಾವಿಯ ಈ ದಂಡೆಯಿಂದ ಆ ದಂಡೆಗೆ ಹತ್ತು ಸಲ. ಮೊದಲ ಮೂರು ಸಲ ಎಲ್ಲರಿಗಿಂತ ಮುಂದಿದ್ದೆ. ಆರನೇ ಸಲಕ್ಕೆ ನಡುನೀರಲ್ಲಿ ಕೈಯೇ ಏಳಲಿಲ್ಲ. ಅಣ್ಣ ಜಿಗಿದು, ಕೂದಲು ಹಿಡಿದು ಎಳಕೊಂಡು ಬಂದ. ಮೆಟ್ಟಿಲ ಮೇಲೆ ಕೂರಿಸಿ ಬೈದ: “ಯಾಕಲೇ ಅಷ್ಟು ಜೋರು ಮಾಡಿದಿ? ತಿರುಗಿ ಬರಾಕ ದಮ್ ಇಟ್ಕಬೇಕಿಲ್ಲೇನು?”

ಆ ಮಾತು ನನಗೆ ಅರ್ಥವಾಗಿದ್ದು ಇಪ್ಪತ್ತು ವರ್ಷ ಆದಮೇಲೆ, ಬೆಂಗಳೂರಿನ ಒಂದು ಈಜುಕೊಳದಲ್ಲಿ.

ಎರಡೂವರೆ ನಿಮಿಷ ಅಂದ್ರೆ ಏನು?

ದಿನಕ್ಕೆ ಒಂಬತ್ತು ಗಂಟೆ ಕುರ್ಚಿಯಲ್ಲಿ ಕೂರುವ ಕೆಲಸ. ಬೆನ್ನುನೋವು ಶುರುವಾಗಿತ್ತು. ಬೆಳಿಗ್ಗೆ ಆರಕ್ಕೆ ಈಜಲು ಸೇರಿದೆ. ಮೊದಲ ವಾರವೇ ಕೋಚ್ ಹೇಳಿದರು: “ನೂರು ಮೀಟರ್, ಹತ್ತು ಸಲ, ಎರಡೂವರೆ ನಿಮಿಷಕ್ಕೆ.”

ಒಂದೊಂದು ನೂರರ ನಂತರ ಎರಡೂವರೆ ನಿಮಿಷ ಸುಧಾರಿಸಿಕೊಳ್ಳಬಹುದು ಅಂದುಕೊಂಡು ಖುಷಿಪಟ್ಟೆ. ಅದು ಹಾಗಲ್ಲ. ಒಂದು ಸಲ ಹೊರಟಲ್ಲಿಂದ ಮುಂದಿನ ಸಲ ಹೊರಡುವವರೆಗಿನ ಸಮಯ ಅದು. ಈಜು, ವಿಶ್ರಾಂತಿ ಎರಡೂ ಅದರೊಳಗೇ. 2 ನಿಮಿಷ 10 ಸೆಕೆಂಡಿಗೆ ಗೋಡೆ ಮುಟ್ಟಿದರೆ 20 ಸೆಕೆಂಡ್ ಉಸಿರಾಡಬಹುದು. 2:25 ಆದರೆ ಐದೇ ಸೆಕೆಂಡ್. ಊರಿನ ಬಸ್ಸಿದ್ದ ಹಾಗೆ, ಹೊತ್ತಾದರೆ ಹೊರಟೇಬಿಡುತ್ತೆ, ನೀವು ಉಸಿರು ಬಿಡ್ತಾ ಓಡಿ ಬಂದಿರೋ ಇಲ್ಲವೋ ಅದಕ್ಕೆ ಸಂಬಂಧವಿಲ್ಲ.

ಮೊದಲ ನೂರು 1:50ಕ್ಕೆ ಮುಗಿಸಿ 40 ಸೆಕೆಂಡ್ ಆರಾಮಾಗಿ ನಿಂತೆ. ನಾಲ್ಕನೆಯದು 2:20. ಆರನೆಯದು 2:35. ಬಸ್ ಹೋಗಿತ್ತು! ಬಾವಿಯಲ್ಲಿ ಸೋತದ್ದೂ ಆರನೆಯದಕ್ಕೇ.

ಆಮೇಲೆ ಮಾಡಿದ್ದು ಹೇಳಲು ನಾಚಿಕೆ. ಕೆಲವು ದಿನ ಎಂಟೇ ಮಾಡಿ “ಹತ್ತಾಯ್ತು ಸರ್” ಅಂದೆ. ಒಂದು ದಿನ ಅವರು ನಕ್ಕು ಹೇಳಿದರು: “ನನಗೆ ಸುಳ್ಳು ಹೇಳಿ ಪರವಾಗಿಲ್ಲ. ಗಡಿಯಾರಕ್ಕೆ ಹೇಳಬೇಡಿ. ನಾಳೆ ಮೊದಲನೆಯದನ್ನ ನಿಧಾನಕ್ಕೆ ಹೋಗಿ, ಹತ್ತನೆಯದರ ಥರ.”

ಮರುದಿನ ಮೊದಲನೆಯದು 2:10. ಪಕ್ಕದವರೆಲ್ಲ ಮುಂದೆ ಹೋದರು, ಒಳಗೊಳಗೇ ಸಂಕಟ. ಆದರೆ ಹತ್ತನೆಯದೂ 2:12! ಅವತ್ತು ಮೊದಲ ಸಲ ಹತ್ತೂ ಮುಗಿಸಿದೆ.

ಗಡಿಯಾರ ಓದುವುದು ಹೀಗೆ

ಕೊಳದ ಗೋಡೆಯ ದೊಡ್ಡ ಗಡಿಯಾರದಲ್ಲಿ ಮುಖ್ಯ ಸೆಕೆಂಡಿನ ಮುಳ್ಳು. ನಿಮಿಷ ಲೆಕ್ಕವಿಡಬೇಕಿಲ್ಲ, ಎಲ್ಲಿ ಹೊರಟಿರಿ ಅನ್ನೋದು ನೆನಪಿದ್ದರೆ ಸಾಕು. 2:15ರ ಸೆಟ್ ಆದರೆ ಪ್ರತಿ ಸಲ 15 ಮುಂದಕ್ಕೆ: 60, 15, 30, 45, ಮತ್ತೆ 60. ಮುಳ್ಳು ಮತ್ತೆ 60ರಲ್ಲಿದ್ದಾಗ ಹೊರಟಿರಿ ಅಂದ್ರೆ ಅದು ಐದನೆಯದು. 1:50 ಆದರೆ ಹತ್ತತ್ತು ಹಿಂದಕ್ಕೆ: 60, 50, 40. ಎಷ್ಟಾಯಿತು ಅನ್ನೋದನ್ನೂ ಮುಳ್ಳೇ ಹೇಳುತ್ತೆ.

ಒಂದೇ ಲೇನ್‌ನಲ್ಲಿ ಮೂವರಿದ್ದರೆ ಐದೈದು ಸೆಕೆಂಡ್ ಬಿಟ್ಟು ಹೊರಡಬೇಕು. ಮೂರನೆಯವರು ತಮ್ಮ ಸಮಯದಿಂದ 10 ಸೆಕೆಂಡ್ ಕಳೆಯಬೇಕು. ನಾನು ಕಳೆಯುವುದನ್ನೇ ಮರೆತು ಒಂದು ವಾರ ಸುಮ್ಮನೆ ಕೊರಗಿದ್ದೆ. ಸ್ಮಾರ್ಟ್‌ವಾಚ್ ಇದ್ದವರು ಕೊಳದ ಉದ್ದ 25 ಮೀಟರೋ 50 ಮೀಟರೋ ಅಂತ ಮೊದಲು ಸರಿಮಾಡಿಕೊಳ್ಳಿ. ಇಲ್ಲದಿದ್ದರೆ ಲೆಕ್ಕವೆಲ್ಲ ತಪ್ಪುತ್ತೆ.

ನಿಮ್ಮ ವೇಗ ಯಾವುದು?

ಚೆನ್ನಾಗಿ ಮೈ ಬಿಸಿಯಾದ ಮೇಲೆ 400 ಮೀಟರ್ ಆದಷ್ಟು ಬೇಗ ಈಜಿ. ಪೂರ್ತಿ ಸುಧಾರಿಸಿಕೊಂಡು 200 ಮೀಟರ್ ಈಜಿ. ಮೊದಲನೆಯದರಿಂದ ಎರಡನೆಯದನ್ನು ಕಳೆದು ಅರ್ಧ ಮಾಡಿ. ನನ್ನದು 8:20 ಮತ್ತು 4:00. ವ್ಯತ್ಯಾಸ 4:20, ಅರ್ಧ 2:10. ಸುಸ್ತಾಗಿ ಕೈಬಿಡದೆ ಸುಮಾರು ಹೊತ್ತು ಕಾಯ್ದುಕೊಳ್ಳಬಲ್ಲ ನೂರು ಮೀಟರಿನ ವೇಗ ಇದು. ಇದಕ್ಕೆ 15–20 ಸೆಕೆಂಡ್ ಸೇರಿಸಿದರೆ ನಿಮ್ಮ ಸೆಟ್ಟಿನ ಸಮಯ ಸಿಗುತ್ತೆ. ಎದೆನೋವು, ತಲೆಸುತ್ತು ಬಂದರೆ ಮಾತ್ರ ಗಡಿಯಾರ ಮರೆತು ತಕ್ಷಣ ಮೇಲೆ ಬನ್ನಿ.

ಕ್ಷಣಗಳ ಬೆಲೆ ಗೊತ್ತಾಗಬೇಕಾದರೆ ಬೆಂಗಳೂರಿನ ಶ್ರೀಹರಿ ನಟರಾಜ್ ಅವರನ್ನು ನೆನೆಯಿರಿ. 2021ರ ಜೂನ್‌ನಲ್ಲಿ ರೋಮ್‌ನಲ್ಲಿ 100 ಮೀಟರ್ ಬ್ಯಾಕ್‌ಸ್ಟ್ರೋಕ್ ಅನ್ನು 53.77 ಸೆಕೆಂಡ್‌ನಲ್ಲಿ ಮುಗಿಸಿದರು. ಟೋಕಿಯೊ ಒಲಿಂಪಿಕ್ಸ್‌ನ ‘ಎ’ ಅರ್ಹತಾ ಸಮಯ 53.85. ಒಲಿಂಪಿಕ್ಸ್ ಬಾಗಿಲು ತೆರೆದದ್ದು ಒಂದು ಸೆಕೆಂಡಿನ ನೂರರಲ್ಲಿ ಎಂಟು ಪಾಲಿನಿಂದ!

ನಾನು ಒಲಿಂಪಿಕ್ಸ್‌ಗೆ ಹೋಗುವವನಲ್ಲ. ಬೆನ್ನುನೋವು ಕಡಿಮೆಯಾಗಿದೆ, ಅಷ್ಟು ಸಾಕು. ಈಗ 2:25ಕ್ಕೆ ಹತ್ತು ಮಾಡಲು ಹೊರಟಿದ್ದೇನೆ. ಕಳೆದ ವಾರ ಒಂಬತ್ತನೆಯದಕ್ಕೆ ಬಸ್ ತಪ್ಪಿತು. ಆದರೂ ಕೋಚ್‌ಗೆ ಒಂಬತ್ತೂ ಪೂರ್ತಿ ಆಗಲಿಲ್ಲ ಅಂತಲೇ ಹೇಳಿದೆ.

ಸಂಜೆ ಅಣ್ಣನಿಗೆ ಫೋನ್ ಮಾಡಿ ಇದನ್ನೆಲ್ಲ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು ಒಂದೇ ಮಾತು ಅಂದ: “ನಾ ಆವತ್ತೇ ಪುಕ್ಕಟೆ ಹೇಳಿದ್ನಲ್ಲೋ ತಮ್ಮಾ. ಬೆಂಗಳೂರಾಗ ರೊಕ್ಕ ಕೊಟ್ಟು ಕಲತಿ ನೋಡು!”