ಜಟ್ಟಿ: ಒಂದು ಶಬ್ದಾರ್ಥವಿಚಾರ

ಜಟ್ಟಿ ಅಥವಾ ಜೆಟ್ಟಿ ಎಂಬ ಶಬ್ದಕ್ಕೆ ಮಲ್ಲ, ಕುಸ್ತಿಯಾಡುವವನು ಎಂಬರ್ಥವು ಕನ್ನಡದಲ್ಲಿ ರೂಢವಾಗಿದೆ. ಆದರೆ ಅದರ ಮೂಲದಲ್ಲಿ ಕಾಳಗದ ಸೋಂಕೇ ಇಲ್ಲ. ಇದು ಜ್ಯೇಷ್ಠ ಶಬ್ದದಿಂದಾದ ಜ್ಯೇಷ್ಠೀ ಎಂಬುದರ ತದ್ಭವ. ಯಕಾರವು ಲೋಪವಾಗಿ, ಷ್ಠಕಾರವು ಪ್ರಾಕೃತದಲ್ಲಿ ಟ್ಠ ಎಂದೂ, ಮಹಾಪ್ರಾಣವನ್ನೊಲ್ಲದ ಕನ್ನಡದಲ್ಲಿ ಟ್ಟ ಎಂದೂ ಆಯಿತು. ಶ್ರೇಷ್ಠೀ ಎಂಬುದು ಸೆಟ್ಟಿಯಾದುದೂ ಇದೇ ದಾರಿಯಲ್ಲಿ.

ಈ ಎರಡರ ನಂಟು ಧ್ವನಿಯಲ್ಲಿ ಮಾತ್ರವೇ ಇರುವುದಲ್ಲ. ಇಷ್ಠ ಪ್ರತ್ಯಯವು ಪರವಾದಾಗ ಪ್ರಶಸ್ಯ ಶಬ್ದಕ್ಕೆ ಶ್ರ ಎಂತಲೂ ಜ್ಯ ಎಂತಲೂ ಪಾಣಿನಿಯು ಆದೇಶವನ್ನು ವಿಧಿಸಿರುವನು; ವೃದ್ಧ ಶಬ್ದಕ್ಕೂ ಜ್ಯ ಎಂಬ ಆದೇಶವುಂಟು. ಆದುದರಿಂದ ಜ್ಯೇಷ್ಠನೆಂದರೆ ವಯಸ್ಸಿನಲ್ಲಿ ಹಿರಿಯನು ಮಾತ್ರವಲ್ಲ, ಎಲ್ಲರಲ್ಲಿಯೂ ಮಿಗಿಲಾದವನು. ವರ್ತಕರಲ್ಲಿ ಮೊದಲಿಗನು ಸೆಟ್ಟಿ, ಮಲ್ಲರಲ್ಲಿ ಮೊದಲಿಗನು ಜೆಟ್ಟಿ. ಎರಡೂ ಒಂದೇ ಪ್ರಶಸ್ಯದ ಕವಲುಗಳು.

ಈ ಮೂಲಾರ್ಥವು ಬಹುಕಾಲ ಬಳಕೆಯಲ್ಲಿದ್ದಿತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ (1126–1138) ಮಾನಸೋಲ್ಲಾಸದಲ್ಲಿ, ಮಲ್ಲವಿನೋದವನ್ನು ಹೇಳುವೆಡೆ, ಮಲ್ಲರನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂದು ವಿಂಗಡಿಸಿದೆ. ಜ್ಯೇಷ್ಠಿಕ ಎಂಬುದು ಇಲ್ಲಿ ಒಂದು ತರಗತಿಯ ಹೆಸರು, ಮಲ್ಲರೆಲ್ಲರೂ ಜ್ಯೇಷ್ಠಿಕರಲ್ಲ. ಮುಂದೆ ಈ ಭೇದವು ಅಳಿಸಿಹೋಯಿತು. ಮೈಸೂರು ಸೀಮೆಯಲ್ಲಿ ಜಟ್ಟಿ ಎಂಬುದು ಕುಲದ ಹೆಸರೇ ಆಯಿತು. ವಿಜಯದಶಮಿಯಂದು ಅರಮನೆಯಲ್ಲಿ ನಡೆಯುವ ವಜ್ರಮುಷ್ಟಿ ಕಾಳಗವು ಒಬ್ಬನ ತಲೆಯಿಂದ ರಕ್ತ ಚಿಮ್ಮಿದೊಡನೆ ಮುಗಿಯುತ್ತದೆ; ರಕ್ತ ಸುರಿಸಿದವನೂ ಜಟ್ಟಿಯೇ, ಸುರಿಯಿಸಿದವನೂ ಜಟ್ಟಿಯೇ. ಪದವಿಯನ್ನು ಹೇಳುತ್ತಿದ್ದ ಮಾತು ವೃತ್ತಿಯನ್ನು ಹೇಳತೊಡಗಿತು. ಸೆಟ್ಟಿಯ ಗತಿಯೂ ಇದಕ್ಕಿಂತ ಬೇರೆಯಾಗಲಿಲ್ಲ.

ತಮಾರ್ಥವು ಹೀಗೆ ಸವೆದುದರಿಂದಲೇ ಜಗಜಟ್ಟಿ ಎಂಬ ಸಮಾಸವು ಬೇಕಾಯಿತು. ವ್ಯುತ್ಪತ್ತಿಯನ್ನು ನೋಡಿದರೆ ಇಲ್ಲಿ ಪುನರುಕ್ತಿದೋಷವಿದ್ದಂತೆ ತೋರುವುದು. ರೂಢಿಯನ್ನು ನೋಡಿದರೆ ದೋಷವೇನೂ ಇಲ್ಲ. ಮಲ್ಲ ಎಂಬ ಮಾತಿನಲ್ಲಿ ಮೊದಲಿನಿಂದಲೂ ಅಗ್ರತ್ವದ ಅರ್ಥವಿರಲಿಲ್ಲವಾಗಿ, ಚಾಲುಕ್ಯರ ಬಿರುದುಗಳಲ್ಲಿ ಜಗದೇಕಮಲ್ಲ, ತ್ರಿಭುವನಮಲ್ಲ, ಭೂಲೋಕಮಲ್ಲ ಎಂದು ವಿಶೇಷಣವನ್ನು ಕೂಡಿಸಬೇಕಾಯಿತು. ಜಟ್ಟಿಗೆ ಆ ಅರ್ಥವು ಹುಟ್ಟಿನಿಂದಲೇ ಇದ್ದು ಕಳೆದುಹೋಯಿತು.

ಪಾಠ ಹೇಳುವಾಗ ಜಟ್ಟಿ ಎಂಬುದಕ್ಕೆ ಬಲಿಷ್ಠನೆಂದಷ್ಟೇ ಅರ್ಥ ಹೇಳಿ ಮುಂದುವರಿಯುವುದುಂಟು. ಅಷ್ಟರಿಂದ “ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ” ಎಂಬ ಗಾದೆಯ ಕೊಂಕು ತಿಳಿಯದು. ಬಲಿಷ್ಠನು ಬೀಳುವುದರಲ್ಲಿ ನಗೆಗೆ ಎಡೆಯಿಲ್ಲ. ಬಿದ್ದವನು ಮೊದಲಿಗನೆಂಬ ಹೆಸರನ್ನು ಬಿಡಲೊಲ್ಲದೆ ಮೀಸೆಯನ್ನು ಸಾಕ್ಷಿಗೆ ಕರೆಯುವುದರಲ್ಲಿ ನಗೆಯಿರುವುದು.